ಅವ್ವನ ಬೈಗುಳ ತಿಂದ ಪ್ಲಗ್ಗು

ನಿನ್ನೆ ಬೆಳಿಗ್ಗೆ ಅಂಗಳಕ್ಕೆ ಸೀಮೆಎಣ್ಣೆಯ ವಾಸನೆ ಬಂತು. ಈಗ ಯಾರ ಮನೆಯಲ್ಲಿ ಸೀಮೆಎಣ್ಣೆ ಇದೆ, ನೀವೇ ಹೇಳಿ. ತಡೆಯಲಾರದೆ ಬೇಲಿಯ ಮೇಲಿಂದ ಇಣುಕಿದೆ. ವಯಸ್ಸಾದವರಿಗೆ ಬೇಲಿ ಇರುವುದೇ ಇಣುಕುವುದಕ್ಕೆ. ಪಕ್ಕದ ಮನೆಯ ರಾಜಪ್ಪನವರು ತಮ್ಮ ಹಳೆಯ ಸ್ಕೂಟರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಸ್ಪಾರ್ಕ್ ಪ್ಲಗ್ಗಿನ ತಲೆ ಮುರಿದು ಅವರ ಕೈಯಲ್ಲಿತ್ತು, ಬುಡ ಎಂಜಿನ್ನಿನಲ್ಲೇ ಕಚ್ಚಿಕೊಂಡಿತ್ತು.

"ಬಿಸಿ ಇದ್ದಾಗ ಮುಟ್ಬೇಡಿ ಮಾರಾಯ್ರೆ, ಆರ್ಲಿ!" ಎಂದು ಕೂಗಿಬಿಟ್ಟೆ. ಆ ಮಾತು ನನ್ನದಲ್ಲ. ಸಾಗರದ ಗ್ಯಾರೇಜಿನ ಅಂತೋನಿ ಮೇಸ್ತ್ರಿಯದು. ಕೇಳಿ ಅರವತ್ತು ವರ್ಷದ ಹತ್ತಿರವಾಯಿತು.

ಆಗ ನಾನು ಡ್ರೈವರ್. ತೀರ್ಥಹಳ್ಳಿ, ಹೊಸನಗರ, ಸಾಗರ ಎಂದು ಸಾಹುಕಾರರೊಬ್ಬರ ಪೆಟ್ರೋಲ್ ವ್ಯಾನು ಓಡಿಸುತ್ತಿದ್ದೆ. ಆ ವ್ಯಾನಿಗೆ ನನಗಿಂತ ಹೆಚ್ಚು ವಯಸ್ಸು, ನನಗೆ ಅದಕ್ಕಿಂತ ಹೆಚ್ಚು ಜಂಬ. ಖಾಕಿ ಅಂಗಿಯ ಜೇಬಿನಲ್ಲಿ ಒಂದು ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಅರ್ಧ ಮೆಕ್ಯಾನಿಕ್ ಎಂದು ತಿರುಗುತ್ತಿದ್ದೆ. ಉಳಿದರ್ಧ ಏನೆಂದು ಯಾರೂ ಕೇಳಲಿಲ್ಲ, ಸದ್ಯ.

ನಮ್ಮ ಊರು ಬ್ಯಾಕೋಡಿನ ಕಡೆ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಬರುತ್ತದೆಂದು ನಮ್ಮನ್ನೆಲ್ಲ ಎಬ್ಬಿಸಿ ಹೊಸನಗರದ ಹತ್ತಿರ ಜಾಗ ತೋರಿಸಿದ್ದರು. ಆ ವರ್ಷದ ಮಳೆಗಾಲಕ್ಕೆ ನಮ್ಮ ಕೆಳಗಿನ ಗದ್ದೆಗಳು ಹೋದವು. ಮೇಲಿನದೊಂದು ಗದ್ದೆ ಮಾತ್ರ ನೀರಿನ ಅಂಚಿನಲ್ಲಿ ಉಳಿದಿತ್ತು. ಮುಂದಿನ ಮಳೆಗೆ ಅದೂ ಇಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಅವ್ವ ಆ ಗದ್ದೆಗೆ ಕೊನೆಯ ಭೂಮಿ ಹುಣ್ಣಿಮೆ ಮಾಡಬೇಕೆಂದು ಹಟ ಹಿಡಿದಳು. ನಮ್ಮಲ್ಲಿ ಆ ಹೊತ್ತಿಗೆ ಭೂಮಿ ಬಸುರಿ. ಮನೆಯ ಹೆಣ್ಣುಮಗಳಿಗೆ ಮಾಡುವ ಹಾಗೆ ಅವಳಿಗೂ ಬಯಕೆಯ ಊಟ ಬಡಿಸಬೇಕು. ಬುಟ್ಟಿಗೆ ಕೆಮ್ಮಣ್ಣು ಬಳಿದು, ಬಿಳಿಯ ಚಿತ್ತಾರ ಬರೆದು, ಹತ್ತಾರು ಸೊಪ್ಪು ಬೇಯಿಸಿದ ಹಚ್ಚಂಬಲಿ, ಕಡುಬು, ಅನ್ನ ತುಂಬಿಕೊಂಡು ಹೋಗಿ ಗದ್ದೆಗೆ ಬೀರಿ, ಒಂದು ಎಡೆಯನ್ನು ಮಣ್ಣಿನಲ್ಲಿ ಹುಗಿಯುವುದು. ಹೊತ್ತು ಮೂಡುವ ಮೊದಲೇ ಆಗಬೇಕು ಎನ್ನುವುದು ಪದ್ಧತಿ.

"ದೂರಾತಲ್ಲ ಮಗಾ, ಇದೊಂದ್ ವರ್ಷ ಕಾಯ್ತಾಳೆ ತಾಯಿ. ಹೊತ್ತು ಮುಳುಗೋದ್ರೊಳಗೆ ಉಣ್ಸಿದ್ರೆ ಸಾಕು," ಎಂದಳು ಅವ್ವ.

ಸಾಹುಕಾರರನ್ನು ಕೇಳಿ ವ್ಯಾನು ತಂದೆ. ಅವ್ವ ಕೂರುವ ಗಾಡಿ, ನಡುದಾರಿಯಲ್ಲಿ ಕೈಕೊಡಬಾರದೆಂದು ಹಿಂದಿನ ದಿನವೇ ನಾಲ್ಕೂ ಪ್ಲಗ್ಗು ಬಿಚ್ಚಿ ಉಜ್ಜಿದೆ. ಕೂರಿಸುವಾಗ ಭದ್ರವಿರಲಿ ಎಂದು ಸ್ಪ್ಯಾನರಿನ ಹಿಡಿಗೆ ಒಂದು ಕಬ್ಬಿಣದ ಪೈಪು ಸಿಕ್ಕಿಸಿ, ಮೈಭಾರ ಹಾಕಿ ಬಿಗಿದೆ. ಕೈಯಲ್ಲಿ ತಿರುಗಿಸಿ, ಕೊನೆಗೆ ಸ್ಪ್ಯಾನರಿನಲ್ಲಿ ಕಾಲು ಸುತ್ತು ಸಾಕು ಎಂದು ಅಂತೋನಿ ಮೇಸ್ತ್ರಿ ನನಗೆ ನೂರು ಸಲ ಹೇಳಿದ್ದರು. ಆದರೆ ಅವ್ವನ ಗಾಡಿಗೆ ಕಾಲು ಸುತ್ತು ಯಾವ ಲೆಕ್ಕ?

ಬೆಳಿಗ್ಗೆ ಹೊರಟೆವು. ಅವ್ವ ಬುಟ್ಟಿಯನ್ನು ತೊಡೆಯಿಂದ ಇಳಿಸಲಿಲ್ಲ. ಭೂಮಿ ಉಣ್ಣುವ ತನಕ ತಾನೂ ಉಣ್ಣುವುದಿಲ್ಲ ಎಂದಿದ್ದಳು. ಹೊಸನಗರ ಬಿಟ್ಟು ಸಾಗರದ ದಾರಿಯ ಒಂದು ಏರಿನಲ್ಲಿ ವ್ಯಾನು ಮುಗ್ಗರಿಸತೊಡಗಿತು. ಹಳೆಯ ಎಂಜಿನ್ನಿನ ಎಣ್ಣೆ ಹತ್ತಿ ಒಂದು ಪ್ಲಗ್ಗು ಕಿಡಿ ಹಾರಿಸುತ್ತಿರಲಿಲ್ಲ. ತೆಗೆದು ಒರೆಸಿದರೆ ಹತ್ತು ನಿಮಿಷದ ಕೆಲಸ. ಎಂಜಿನ್ನು ಕೆಂಡದಂತೆ ಕಾದಿತ್ತು, ಆರಲು ಬಿಡಲಿಲ್ಲ. ಪ್ಲಗ್ಗು ಮಿಸುಕಲಿಲ್ಲ. ಮತ್ತೆ ಅದೇ ಪೈಪು ಸಿಕ್ಕಿಸಿ ಜಗ್ಗಿದೆ. ಟಕ್ಕೆಂದಿತು. ತಲೆ ಕೈಗೆ ಬಂತು, ಪಿಂಗಾಣಿಯ ಚೂರು ಒಳಗೆ ಬಿತ್ತು, ಬುಡ ಅಲ್ಲೇ ಉಳಿಯಿತು. ಹಾಗೇ ಓಡಿಸಿದರೆ ಚೂರು ಸಿಕ್ಕಿ ಎಂಜಿನ್ನೇ ಹಾಳು.

"ಎಂತ ಆತಾ ಮಗಾ?"

"ಪ್ಲಗ್ಗೇ ಕಳಪೆ ಕಣವ್ವಾ," ಎಂದೆ. ಹೇಳುವಾಗ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.

ಸಾಗರಕ್ಕೆ ಹೋಗುವ ಬಸ್ಸಿನವರ ಹತ್ತಿರ ಹೇಳಿ ಕಳಿಸಿದೆ. ಅಂತೋನಿ ಮೇಸ್ತ್ರಿ ಬರುವಾಗ ಮೂರು ಗಂಟೆ. ಬಾನೆಟ್ಟಿನೊಳಗೆ ನೋಡಿದರು, ನೆಲದಲ್ಲಿ ಬಿದ್ದಿದ್ದ ಪೈಪು ನೋಡಿದರು, ನನ್ನ ಮುಖ ನೋಡಿದರು, ರಸ್ತೆ ಬದಿಯಲ್ಲಿ ಬುಟ್ಟಿ ಹಿಡಿದು ಕೂತ ಅವ್ವನನ್ನು ನೋಡಿದರು. ಆಮೇಲೆ ಆ ಪೈಪನ್ನು ಕಾಲಿನಿಂದ ಮೆಲ್ಲಗೆ ವ್ಯಾನಿನಡಿಗೆ ತಳ್ಳಿದರು. "ಬಿಸಿ ಇದ್ದಾಗ ಮುಟ್ಬಾರ್ದು ಮಾರಾಯ್ರೆ," ಎಂದಷ್ಟೇ ಹೇಳಿದರು.

ಅವರ ಕೆಲಸದಲ್ಲಿ ಅವಸರವೆಂಬುದೇ ಇಲ್ಲ. ಬುಡದ ಸುತ್ತ ಸೀಮೆಎಣ್ಣೆ ಬಿಟ್ಟು ಬೀಡಿ ಹಚ್ಚಲು ದೂರ ಹೋದರು. ಬಂದು ಸಣ್ಣ ಸುತ್ತಿಗೆಯಿಂದ ತಟ್ಟಿ, ಮತ್ತೆ ಎಣ್ಣೆ ಬಿಟ್ಟರು. ಕಬ್ಬಿಣ ಉಜ್ಜುವ ಹಳೆಯ ಅರದ ಚೂಪು ಬಾಲಕ್ಕೆ ಗ್ರೀಸು ಹಚ್ಚಿ, ಬುಡದ ತೂತಿಗೆ ಬಡಿದು ಕೂರಿಸಿ, ಸ್ಪ್ಯಾನರಿನಲ್ಲಿ ಹಿಡಿದು ತಿರುಗಿಸಿದರು. ಒಂದು ಕೂದಲಷ್ಟು ಆಚೆ, ಅರ್ಧ ಕೂದಲು ಈಚೆ. ಹಟಮಾರಿ ಮಗುವಿಗೆ ಔಷಧಿ ಕುಡಿಸಿದ ಹಾಗೆ. ನಾನು ಎಂಜಿನ್ನು ನೋಡುತ್ತಿರಲಿಲ್ಲ, ಹೊತ್ತು ಎಲ್ಲಿಗೆ ಇಳಿಯಿತೆಂದು ನೋಡುತ್ತಿದ್ದೆ.

ಬುಡ ಕಳಚಿ, ಚೂರುಗಳನ್ನೆಲ್ಲ ಹೊರಗೆ ಹಾರಿಸಿ, ಬೇರೆ ಪ್ಲಗ್ಗು ಹಾಕುವಾಗ ಬಿಸಿಲು ಮರದ ತುದಿಗೆ ಏರಿತ್ತು. ನಮ್ಮೂರು ಇನ್ನೂ ಸಾಗರದಿಂದಾಚೆ. "ಹತ್ತವ್ವಾ, ಜೋರಾಗಿ ಹೊಡೀತೀನಿ," ಎಂದೆ.

ಅವ್ವ ಹತ್ತಲಿಲ್ಲ. ಬುಟ್ಟಿ ಎತ್ತಿಕೊಂಡು ರಸ್ತೆಯ ಕೆಳಗಿದ್ದ ಯಾರದೋ ಗದ್ದೆಗೆ ಇಳಿದಳು. ತೆನೆ ಬಾಗಿದ ಪೈರಿಗೆ ಹಚ್ಚಂಬಲಿ ಬೀರಿದಳು. ಬದುವಿನ ಪಕ್ಕ ಕೈಯಿಂದಲೇ ಕುಳಿ ತೋಡಿ ಎಡೆ ಹುಗಿದಳು. ಉಣ್ಣು ಬಾ ಎಂದು ಭೂಮಿಯನ್ನು ಕೂಗಿ ಕರೆಯಬೇಕು, ಅವ್ವ ಬಗ್ಗಿ ಮಣ್ಣಿಗೆ ಮೆಲ್ಲಗೆ ಹೇಳಿದಳು.

ಮೇಲೆ ಬಂದವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಇವ್ಳೂ ಬಸ್ರೀನೇ, ಉಣ್ಲಿ," ಎಂದಳು. ಖಾಲಿ ಬುಟ್ಟಿಯನ್ನು ವ್ಯಾನಿನಲ್ಲಿಡುತ್ತ, "ನಮ್ಮೋಳನ್ನ ಮಾತ್ರ ಹಸಿದ್ ಹೊಟ್ಟೇಲೇ ನೀರಿಗೆ ನೂಕ್ದಂಗಾತು ಮಗಾ," ಎಂದಳು.

ಮುಂದಿನ ಮಳೆಗೆ ಆ ಗದ್ದೆ ಹೋಯಿತು.

ಅವ್ವ ಆಮೇಲೆ ಬಹಳ ವರ್ಷ ಇದ್ದಳು. ಭೂಮಿ ಹುಣ್ಣಿಮೆ ಬಂದಾಗಲೆಲ್ಲ ಆ ಪ್ಲಗ್ಗು ಮಾಡಿದವನಿಗೆ ಹಿಡಿಶಾಪ ಹಾಕುತ್ತಿದ್ದಳು. "ಅವ್ನ ಕೈ ಸೇದಿ ಹೋಗ, ಅವ್ನ ಮನೆ ದೀಪ ಆರ!" ನಾನು ಪಕ್ಕದಲ್ಲೇ ಕೂತು ಕಡುಬು ತಿನ್ನುತ್ತಿದ್ದೆ. ಯಾವ ಊರಿನ ಯಾವ ಬಡಪಾಯಿಯೋ, ಒಳ್ಳೆಯ ಪ್ಲಗ್ಗನ್ನೇ ಮಾಡಿದ್ದ. ನನಗೆ ಬರಬೇಕಾದ ಬೈಗುಳವನ್ನೆಲ್ಲ ಅವನು ತಿಂದ. ಈ ಸಲ ಹೇಳೋಣ, ಮುಂದಿನ ಸಲ ಹೇಳೋಣ ಎನ್ನುತ್ತಿರುವಾಗಲೇ ಅವ್ವ ಹೋದಳು. ಅಂತೋನಿ ಮೇಸ್ತ್ರಿ ಅವಳಿಗಿಂತ ಮೊದಲೇ ಹೋಗಿದ್ದರು. ಅವರೂ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

ರಾಜಪ್ಪನವರ ಸ್ಕೂಟರು ಆರಿತು. ನಾನೇ ಕೂತು ಆಚೆ ಈಚೆ ಆಡಿಸಿ ಬುಡ ಬಿಡಿಸಿದೆ. ಆ ಕಪ್ಪು ಉಂಗುರವನ್ನು ಅವರು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು.

"ಈಗಿನ ಮಾಲೇ ಹಿಂಗೆ. ಪ್ಲಗ್ಗೇ ಕಳಪೆ, ಅಲ್ವಾ?"

"ಅಲ್ಲ," ಎಂದೆ. "ಪ್ಲಗ್ಗು ಸರಿಯಾಗೇ ಇತ್ತು. ಬಿಗಿ ಮಾಡ್ದೋನ ತಪ್ಪು."

"ಹೌದಾ? ಯಾರಪ್ಪ ಇದನ್ನ ಇಷ್ಟು ಬಿಗಿ ಮಾಡಿದ್ದು?"

"ನಾನು," ಎಂದೆ.

ಅವರ ಸ್ಕೂಟರನ್ನು ನಾನು ಅದುವರೆಗೆ ಮುಟ್ಟಿಯೇ ಇರಲಿಲ್ಲ. ರಾಜಪ್ಪನವರು ನನ್ನ ಮುಖವನ್ನೇ ನೋಡಿದರು.