ದರಿಬಡಚಿಯ ಆಚೆಯ ಹುಡೇವು

ಒಂದು ರವಿವಾರ ವಿಜಯಪುರದಿಂದ ಮುಂಜಾನೆಯ ಬಸ್ಸು ಹಿಡಿದು ಜತ್ತಕ್ಕೆ ಹೊರಟೆ. ಮೋಡ ದಟ್ಟೈಸಿತ್ತು, ಹನಿ ಬೀಳಲಿಲ್ಲ. ನಾನು ಭೂಗೋಳದ ಶಿಕ್ಷಕಿ. ಹಿಂದೊಮ್ಮೆ ಹವೆ ಬದಲಾಗಿ ಬೆಳೆ ಕೆಟ್ಟಾಗ, ದೂರದ ದ್ವೀಪಗಳ ಜನ ಕಾಳಿಗಾಗಿ ಒಬ್ಬರ ಮೇಲೊಬ್ಬರು ಬಿದ್ದು, ಕೊನೆಗೆ ಗುಡ್ಡ ಹತ್ತಿ ಕೋಟೆ ಕಟ್ಟಿಕೊಂಡರೆಂದು ತರಗತಿಯಲ್ಲಿ ಹೇಳುತ್ತಿದ್ದೆ. "ನಮ್ಮ ಹೊಲದಾಗೂ ಅಂಥಾ ಹುಡೇವು ಐತ್ರಿ, ನಮ್ಮಕ್ಕ ತೋರಸ್ತಾಳ" ಎಂದು ಸಹೋದ್ಯೋಗಿಯೊಬ್ಬರು ಕಳಿಸಿದ್ದರು.

ಜತ್ತದಿಂದ ದರಿಬಡಚಿಗೆ ಜೀಪು, ಆಮೇಲೆ ಅರ್ಧ ಗಂಟೆ ನಡಿಗೆ. ಅವರ ಅಕ್ಕ ಕಾಶೀಬಾಯಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದರು. ಹೊರಡುವಾಗ ಕಂದೀಲು, ಹಗ್ಗ ತೆಗೆದುಕೊಂಡರು. ಹಾಡುಹಗಲೇ ಕಂದೀಲೇ ಎಂದು ನಕ್ಕೆ. ಅವರು ನಗಲಿಲ್ಲ.

ದಿಬ್ಬದ ಮೇಲೆ ಕಲ್ಲಿನ ದುಂಡು ಕಾವಲು ಗೋಪುರ, ಅದೇ ಹುಡೇವು. ಬಾಗಿಲು ನನ್ನ ಸೊಂಟದೆತ್ತರ. "ಒಳಗ ಬರಾಂವ ಮೊದಲ ಕುತ್ತಿಗಿ ಕೊಡಬೇಕ್ರಿ, ಅದಕ್ಕ ಹಂಗ ಕಟ್ಯಾರ" ಎಂದರು.

ಒಳಗೆ ನೆಲದಲ್ಲಿ ಹಗೇವು, ಜೋಳ ತುಂಬಿಡುವ ಆಳದ ಕುಣಿ, ಬಾಯಿ ತೆರೆದುಕೊಂಡಿತ್ತು. ಏಣಿಯೂ ಇತ್ತು. ನಾನು ಕಾಲಿಟ್ಟೆ.

"ಇಳೀಬ್ಯಾಡ್ರಿ ಅಕ್ಕೋರ!" ಕಾಶೀಬಾಯಿ ಉಗುರು ಊರುವಂತೆ ತೋಳು ಹಿಡಿದೆಳೆದರು. ಕಂದೀಲು ಹಚ್ಚಿ ಇಳಿಬಿಟ್ಟರು. ಎದೆಯಾಳ ಮುಟ್ಟುವಷ್ಟರಲ್ಲಿ ಉರಿ ಕುಗ್ಗಿ ಆರಿಹೋಯಿತು. ನಾನು ಹಗೇವಿನಿಂದ ಎರಡು ಹೆಜ್ಜೆ ಹಿಂದೆ ಸರಿದೆ.

"ಹಿಂದಕ ಮಳಿ ಹೋದಾಗ ಕಾಳಿಗಂತ ಲೂಟಿ ಮಾಡಾವ್ರು ಕುದರಿ ಮ್ಯಾಲ ಬಂದ್ರಂತ. ಗಂಡಸರು ಮ್ಯಾಲ ಕವಣಿ ಹಿಡದು ನಿಂತ್ರು. ಹೆಣ್ಮಕ್ಕಳು, ಕೂಸುಗಳನ್ನ ಇದರಾಗ ಜ್ವಾಳದ ಮ್ಯಾಲ ಕುಂಡ್ರಿಸಿ ಕಲ್ಲು ಮುಚ್ಚಿದ್ರು. ಬಂದವರು ಹೊಳ್ಳಿ ಹೋದ್ರು. ಕಲ್ಲು ಸರಿಸಿ ನೋಡಿದ್ರ, ಎಲ್ಲಾರೂ ಮಲಗಿದಂಗ ಇದ್ರಂತ."

"ಸತ್ತಿದ್ದರೇ?"

"ಕಾಳಿನ ಕೆಟ್ಟ ಗಾಳಿ ರೀ. ಹೊರಗಿನವರು ಒಬ್ಬರನ್ನೂ ಮುಟ್ಟಿರಲಿಲ್ಲ."

"ಮತ್ತೆ ಈಗ ಯಾಕೆ ತೆರೆದಿದ್ದೀರಿ?"

"ನನ್ನ ಮಗ ತೆರದಾನ. ಮಳಿ ನಂಬಂಗಿಲ್ಲ, ಕಾಳು ಮಂದಿ ಕಣ್ಣಿಗೆ ಬೀಳಬಾರದು, ಇಲ್ಲೇ ಇಡೂಣು ಅಂತಾನ. ತಳದಾಗ ಹಳೇ ಹೊಟ್ಟು ಕೊಳತು ಅದ ಕೆಟ್ಟ ಗಾಳಿ ತುಂಬೇತಿ. ನಾ ಹೇಳಿದ್ರ ಅಜ್ಜಿ ಕಥಿ ಅಂತಾನ. ನೀವರ ಹೇಳ್ರಿ."

ಅಲ್ಲಿಂದಲೇ ಅವನಿಗೆ ಫೋನ್ ಮಾಡಿದೆ. ಜತ್ತದ ಸಂತೆಯಲ್ಲಿದ್ದ. ಕಂದೀಲು ಆರಿದ್ದನ್ನು ಹೇಳಿದೆ.

"ನಾಳೆ ಮುಂಜಾನೆ ಸ್ವಚ್ಛ ಮಾಡಾಕ ಇಳಿಯಾಂವ ಇದ್ದೆ ರೀ" ಎಂದ, ಸಣ್ಣ ದನಿಯಲ್ಲಿ. "ಮುಚ್ಚರಿ ಅದನ್ನ."

ಇಬ್ಬರೂ ಸೇರಿ ಕಲ್ಲು ನೂಕಿದೆವು.

ಇಳಿಜಾರಿನಲ್ಲಿ ಒಮ್ಮೆ ತಿರುಗಿ ನೋಡಿದೆ. ಕಾಶೀಬಾಯಿ ಜಾಲಿಮುಳ್ಳಿನ ಟೊಂಗೆಗಳನ್ನು ಎಳೆತಂದು ಆ ಗಿಡ್ಡ ಬಾಗಿಲಿಗೆ ಒತ್ತುತ್ತಿದ್ದರು, ಒಂದಾದ ಮೇಲೊಂದು, ಬಾಗಿಲೇ ಕಾಣದಾಗುವ ತನಕ.