ಕರೆಜ್ಮದ ಹಲ್ಲುನೋವು

ನನಗೆ ಹಲ್ಲಿನ ಡಾಕ್ಟರರೆಂದರೆ ಹೆದರಿಕೆ. ಇಷ್ಟು ಸಣ್ಣ ಮಾತನ್ನು ಹೇಳಿಕೊಳ್ಳಲಾರದೆ ನಾನು ಮಾಡಿದ ಕೆಡುಕು ಸಣ್ಣದಲ್ಲ. ಕಣ್ಣು ಕಾಣುತ್ತಿರುವಾಗಲೇ ಅದನ್ನು ಬರೆದಿಡಬೇಕೆಂದು ಕುಳಿತಿದ್ದೇನೆ.

ಹೆದರಿಕೆ ಹತ್ತಿಕೊಂಡದ್ದು ಹೈಸ್ಕೂಲಿನಲ್ಲಿರುವಾಗ. ದವಡೆ ಹಲ್ಲು ನೋಯುತ್ತದೆಂದು ಅಪ್ಪ ನನ್ನನ್ನು ಪೇಟೆಯ ಒಂದು ಔಷಧದಂಗಡಿಯ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೋ ಇಲ್ಲವೋ ನೆನಪಿಲ್ಲ. ಕೊಟ್ಟಿದ್ದರೂ ಅದು ಹಿಡಿಯಲಿಲ್ಲ. ಒಬ್ಬ ನನ್ನ ತಲೆಯನ್ನು ಹಿಂದಿನಿಂದ ಒತ್ತಿ ಹಿಡಿದ, ಅಪ್ಪ ಎರಡೂ ಕೈ ಹಿಡಿದುಕೊಂಡರು. ಹಲ್ಲು ಅರ್ಧಕ್ಕೆ ಮುರಿಯಿತು. ಉಳಿದದ್ದನ್ನು ಇಕ್ಕಳದಲ್ಲಿ ತಿರುಚುವಾಗ ಆದ ಸದ್ದು ಕಿವಿಗೆ ಹೊರಗಿನಿಂದ ಬಂದದ್ದಲ್ಲ, ತಲೆಯ ಒಳಗಿನಿಂದಲೇ ಬಂದದ್ದು. "ಗಂಡು ಹುಡುಗ ಎಂತ ಅಳುವುದು?" ಎಂದು ಅಪ್ಪ ಕೇಳಿದರು. ಆಮೇಲೆ ಹಲ್ಲು ನೋಯುತ್ತದೆಂದು ನಾನು ಯಾರ ಹತ್ತಿರವೂ ಹೇಳಲಿಲ್ಲ. ಲವಂಗದ ಎಣ್ಣೆ, ಹೊಗೆಸೊಪ್ಪಿನ ಚೂರು, ಬ್ರಾಂಡಿಯಲ್ಲಿ ಅದ್ದಿದ ಹತ್ತಿ, ಒಂದೇ ಬದಿಯಲ್ಲಿ ಜಗಿಯುವ ಅಭ್ಯಾಸ. ಇವುಗಳಲ್ಲೇ ದಿನ ದೂಡಿದೆ. ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ನನಗೆ ಗುಮಾಸ್ತನ ಕೆಲಸ ಸಿಕ್ಕಿತು. ಅಲ್ಲಿನವರು ನನ್ನ ಹಲ್ಲು ಗಟ್ಟಿಯೆಂದೇ ತಿಳಿದಿದ್ದರು.

ಐವತ್ತರ ದಶಕದ ಮೊದಲಲ್ಲಿ ನನ್ನ ಮದುವೆಯಾಯಿತು. ಪೇಟೆಯ ಹೊರಗೆ ನಂತೂರಿನ ಹತ್ತಿರ ಬಾಡಿಗೆ ಮನೆ. ಈಗ ಅಲ್ಲಿ ಲಾರಿ ಬಸ್ಸುಗಳ ನಡುವೆ ರಸ್ತೆ ದಾಟಲು ಸಾಧ್ಯವಿಲ್ಲ. ಆಗ ಮಧ್ಯಾಹ್ನದ ಹೊತ್ತು ದಾರಿಯಲ್ಲಿ ಆಡುಗಳು ಮಲಗುತ್ತಿದ್ದವು. ನನ್ನ ಹೆಂಡತಿ ಇಗರ್ಜಿಯ ಗಾಯನ ಮಂಡಳಿಯಲ್ಲಿ ಹಾಡುತ್ತಿದ್ದಳು. ಪಾತ್ರೆ ತಿಕ್ಕುವಾಗ, ಬಟ್ಟೆ ಹಿಂಡುವಾಗ ಮನೆಯಲ್ಲೂ ಏನಾದರೊಂದನ್ನು ಗುನುಗುತ್ತಲೇ ಇರುತ್ತಿದ್ದಳು. ಹಾಡು ಚೆನ್ನಾಗಿದೆಯೆಂದು ನಾನು ಯಾವತ್ತೂ ಹೇಳಲಿಲ್ಲ. ಆಗ ಗಂಡಸರು ಅಂಥದ್ದನ್ನು ಹೇಳುತ್ತಿರಲಿಲ್ಲ.

ಮದುವೆಯಾಗಿ ನಾಲ್ಕನೆಯ ವರ್ಷ ಅವಳಿಗೆ ಕೆಳಗಿನ ದವಡೆಯ ಕೊನೆಯ ಹಲ್ಲು ನೋಯತೊಡಗಿತು. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸಿನ ಕಾಲ ಆಗಷ್ಟೇ ಶುರುವಾಗಿತ್ತು. ನಮ್ಮ ಕೊಂಕಣಿಯಲ್ಲಿ ಅದನ್ನು ಕರೆಜ್ಮ ಅನ್ನುತ್ತೇವೆ. ಪೇಟೆಯ ನಡುವೆ ಹಂಪನಕಟ್ಟೆಯಲ್ಲಿ ಒಂದು ಮಹಡಿಯ ಮೇಲೆ ಹಲ್ಲಿನ ಡಾಕ್ಟರರಿದ್ದರು. ಆ ಕಾಲದಲ್ಲಿ ಹೆಂಗಸರು ಅಂಥ ಕಡೆ ಒಬ್ಬರೇ ಹೋಗುತ್ತಿರಲಿಲ್ಲ. ಗಂಡನಾದವನು ಜೊತೆಗೆ ಹೋಗಿ ಕುರ್ಚಿಯ ಪಕ್ಕದಲ್ಲಿ ನಿಲ್ಲಬೇಕು. ಡಾಕ್ಟರರು ಕಾಲಿನಿಂದ ತುಳಿದು ಹಲ್ಲು ಕೊರೆಯುವ ಯಂತ್ರದ ಸದ್ದು ಕೇಳುತ್ತಾ ನಿಲ್ಲುವುದು ನನ್ನಿಂದ ಆಗುವ ಮಾತಾಗಿರಲಿಲ್ಲ.

"ನಾಳೆ ಆಫೀಸು ಬಿಟ್ಟು ಬರುವಾಗ ಕೇಳಿ ಬರ್ತೇನೆ" ಎಂದೆ. ಮರುದಿನ ಆ ಮೆಟ್ಟಿಲಿನ ಬುಡದವರೆಗೆ ಹೋದೆ. ಮೇಲಿನಿಂದ ಔಷಧದ ವಾಸನೆ ಬಂತು. ಅಲ್ಲಿಂದಲೇ ತಿರುಗಿದೆ.

"ಡಾಕ್ಟ್ರು ಇಲ್ಲ ಮಾರಾಯ್ತಿ. ಬೊಂಬಾಯಿಗೆ ಹೋಗಿದ್ದಾರಂತೆ. ಬರುವಾಗ ಈಸ್ಟರ್ ಕಳೀತದಂತೆ."

"ಪೇಟೆಯಲ್ಲಿ ಬೇರೆ ಯಾರೂ ಇಲ್ವಾ?"

"ಇದ್ದಾರೆ. ಅವರ ಕೈ ಒಳ್ಳೆದಿಲ್ಲ ಹೇಳ್ತಾರೆ."

ಅವಳು ಕೆನ್ನೆಗೆ ಕೈಯೊತ್ತಿಕೊಂಡಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಎರಡು ದಿನ ಬಿಟ್ಟು ಮತ್ತೆ ಕೇಳುತ್ತಿದ್ದಳು. ನಾನು ನಿಲ್ಲಿಸಲಿಲ್ಲ.

"ಕರೆಜ್ಮದಲ್ಲಿ ಒಬ್ಬೊಬ್ಬರು ಮಾಂಸ ಬಿಡ್ತಾರೆ, ಸಿಹಿ ಬಿಡ್ತಾರೆ. ನೀನು ಈ ನೋವನ್ನೇ ದೇವರಿಗೆ ಕೊಡು. ಅದಕ್ಕಿಂತ ದೊಡ್ಡ ತಪಸ್ಸು ಎಂತ ಉಂಟು?"

"ಹಾಗೆ ಕೊಡ್ಲಿಕ್ಕೆ ಆಗ್ತದಾ?"

"ಮೊನ್ನೆ ಪ್ರಸಂಗದಲ್ಲಿ ಪಾದ್ರಿಗಳು ಹೇಳಿದ್ದು ಅದನ್ನೇ ಅಲ್ವಾ?"

ಪಾದ್ರಿಗಳು ಹೇಳಿದ್ದು ತಪ್ಪಿಸಲಾಗದ ನೋವಿನ ಬಗ್ಗೆ. ಅದು ನನಗೆ ಗೊತ್ತಿತ್ತು. ಅವಳು ನಂಬಿದಳು. ಮರುದಿನದಿಂದ ಲವಂಗದ ಎಣ್ಣೆಯನ್ನೂ ಹಚ್ಚಲಿಲ್ಲ. ಯಾಕೆಂದು ಕೇಳಿದ್ದಕ್ಕೆ, "ಕೊಡ್ತೇನೆ ಹೇಳಿದ ಮೇಲೆ ಅರ್ಧ ನಾನೇ ಇಟ್ಟುಕೊಳ್ಳುವುದು ಚಂದವಾ?" ಎಂದಳು. ನಿಜ ಹೇಳುತ್ತೇನೆ, ಆ ದಿನ ನನ್ನ ಎದೆ ಹಗುರವಾಯಿತು. ಇನ್ನು ನಲವತ್ತು ದಿನ ನಾನು ಆ ಮೆಟ್ಟಿಲು ಹತ್ತಬೇಕಾಗಿಲ್ಲ.

ಮೂರನೆಯ ವಾರ ಅವಳ ಕೆನ್ನೆ ಬಾತಿತು. ಅವಳು ಸೆರಗನ್ನು ತಲೆಯ ಮೇಲಿಂದ ಎಳೆದು ಆ ಬದಿಯನ್ನು ಮುಚ್ಚಿಕೊಳ್ಳತೊಡಗಿದಳು. ಪಕ್ಕದ ಮನೆಯಲ್ಲಿದ್ದವರು ಬಂದರಿನಲ್ಲಿ ಹಗ್ಗ, ಬಲೆಗಳ ಅಂಗಡಿ ಇಟ್ಟಿದ್ದ ಬ್ಯಾರಿ ಹಾಜಿಯವರು. ಒಂದು ಬೆಳಿಗ್ಗೆ ಬೇಲಿಯ ಆಚೆಯಿಂದ ನನ್ನನ್ನು ಕರೆದರು. ಕ್ರೈಸ್ತರನ್ನು ನಮ್ಮ ಕಡೆ ಪೊರ್ಬುಗಳು ಅನ್ನುತ್ತಾರೆ.

"ಎಂತ ಪೊರ್ಬುಗಳೇ, ನಿಮ್ಮ ಮನೆಯವರ ಮುಖ ಒಂದು ಬದಿ ಬನ್ನಿನ ಹಾಗೆ ಆಗಿದೆಯಂತೆ. ನಮ್ಮವಳು ಹೇಳಿದಳು."

"ನಮಗೆ ಈಗ ಕರೆಜ್ಮ ಅಲ್ವಾ ಹಾಜಿಯವರೇ. ಅವಳದ್ದೊಂದು ಹರಕೆ."

"ಉಪವಾಸ ನಮಗೂ ಉಂಟು ಮಾರಾಯ್ರೆ. ಸೀಕು ಆದವರಿಗೆ ಬಿಡ್ಲಿಕ್ಕೂ ಉಂಟು. ನಿಮ್ಮಲ್ಲಿ ಇಲ್ವಾ?"

ಬಸ್ಸಿಗೆ ಹೊತ್ತಾಯಿತೆಂದು ಹೇಳಿ ನಾನು ನಡೆದೆ.

ಈಸ್ಟರಿನ ಹಿಂದಿನ ಪವಿತ್ರ ವಾರದಲ್ಲಿ ಹಾರ್ಮೋನಿಯಂ ಬಾರಿಸುವ ಹಾಗಿಲ್ಲ. ಎಲ್ಲವೂ ದನಿಯ ಮೇಲೆಯೇ ನಡೆಯಬೇಕು. ಮಂಡಳಿಯವರು ಅವಳನ್ನೇ ನಂಬಿಕೊಂಡಿದ್ದರು. ಆ ವಾರದ ಮೊದಲ ದಿನವಾದ ಗರಿಗಳ ಭಾನುವಾರ ಅವಳ ಬಾಯಿ ಎರಡು ಬೆರಳು ಹೋಗುವಷ್ಟು ತೆರೆಯುತ್ತಿತ್ತು, ಗುರುವಾರ ಒಂದು ಬೆರಳಿನಷ್ಟು. ಶುಭ ಶುಕ್ರವಾರದ ದಿನ ಅವಳು ಮಂಡಳಿಯವರು ಹಾಡುವ ಅಟ್ಟದಲ್ಲಿ ತನ್ನ ಜಾಗದಲ್ಲಿ ಪುಸ್ತಕ ಹಿಡಿದು ನಿಂತಿದ್ದಳು. ಹಾಡು ಅವಳಿಲ್ಲದೆ ಎಳೆದುಕೊಂಡು ಹೋಯಿತು. ಕೆಳಗಿದ್ದವರು ಎರಡು ಮೂರು ಸಲ ತಿರುಗಿ ಮೇಲೆ ನೋಡಿದರು.

ಈಸ್ಟರಿನ ಪೂಜೆಯಲ್ಲಿ ನಾವಿಬ್ಬರೂ ಅಕ್ಕಪಕ್ಕದಲ್ಲಿ ಮೊಣಕಾಲೂರಿದೆವು. ಆಗ ಪರಮ ಪ್ರಸಾದದ ತೆಳು ರೊಟ್ಟಿಯನ್ನು ಕೈಗೆ ಕೊಡುತ್ತಿರಲಿಲ್ಲ, ನಾಲಿಗೆಯ ಮೇಲೆಯೇ ಇಡುತ್ತಿದ್ದರು. ಪಾದ್ರಿಗಳು ಅವಳ ಮುಂದೆ ನಿಂತರು. ಅವಳು ಪ್ರಯತ್ನಿಸಿದಳು, ತುಟಿಗಳು ಮಾತ್ರ ಬೇರೆಯಾದವು, ಹಲ್ಲುಗಳು ಬೇರೆಯಾಗಲಿಲ್ಲ. ಅವರು ಸ್ವಲ್ಪ ಕಾದರು. ಆಮೇಲೆ ರೊಟ್ಟಿಯನ್ನು ಮುರಿದು ಉಗುರಿನಷ್ಟು ಚೂರನ್ನು ಹಲ್ಲಿನ ಸಂದಿನಲ್ಲಿ ತೂರಿಸಲು ನೋಡಿದರು. ನೋವಿನಿಂದ ಅವಳ ಭುಜ ನಡುಗಿತು, ಗಲ್ಲದ ಮೇಲೆ ಜೊಲ್ಲು ಇಳಿಯಿತು. ಹಿಂದೆ ಸಾಲಿನಲ್ಲಿದ್ದವರು ನೋಡುತ್ತಿದ್ದರು. ಪಾದ್ರಿಗಳು ಅವಳ ತಲೆಯ ಮೇಲೆ ಕೈಯಿಟ್ಟು ನನ್ನ ಮುಂದೆ ಬಂದರು. ನಾನು ಬಾಯಿ ಅಗಲಿಸಿ ಪ್ರಸಾದ ತೆಗೆದುಕೊಂಡೆ.

ಮರುದಿನ ಬೆಳಿಗ್ಗೆ ಹಾಜಿಯವರು ನನ್ನನ್ನು ಕೇಳದೆ ಬಾಡಿಗೆ ಕಾರು ತರಿಸಿದರು. ಅವರ ಹೆಂಡತಿಯೂ ಬುರ್ಖಾ ಹಾಕಿಕೊಂಡು ಹೊರಟರು. ಹಂಪನಕಟ್ಟೆಯಲ್ಲಿ ಎಲ್ಲರೂ ಇಳಿದೆವು. "ನೀವು ಕರಕೊಂಡು ಹೋಗಿ. ನಾನು ಕಾರಿನ ಹತ್ತಿರ ನಿಲ್ತೇನೆ" ಎಂದೆ. ಹಾಜಿಯವರ ಹೆಂಡತಿ ಅವಳ ತೋಳು ಹಿಡಿದು ಮೆಟ್ಟಿಲು ಹತ್ತಿಸಿದರು. ಸ್ವಲ್ಪ ಹೊತ್ತಿನಲ್ಲಿ ಹಾಜಿಯವರು ಇಳಿದು ಬಂದು, ನನ್ನ ಮುಖ ನೋಡದೆ ತಗ್ಗಿದ ದನಿಯಲ್ಲಿ ಹೇಳಿದರು.

"ಇಲ್ಲಿ ಆಗುವುದಿಲ್ಲಂತೆ. ಒಳಗೆ ಕೀವು ತುಂಬಿದೆ. ದೊಡ್ಡಾಸ್ಪತ್ರೆಗೆ ಹೋಗ್ಬೇಕು." ಆಮೇಲೆ, "ಡಾಕ್ಟ್ರು ಬೊಂಬಾಯಿಗೆ ಹೋಗಿದ್ದಾರೆ ಅಂತ ನಿಮ್ಮವರು ನಮ್ಮವಳ ಹತ್ರ ಹೇಳಿದ್ದರು. ಯಾವಾಗ ಬಂದದ್ದು ಅಂತ ಡಾಕ್ಟ್ರ ಹತ್ರ ಕೇಳಿದೆ ಪೊರ್ಬುಗಳೇ. ಅವರು ಈ ವರ್ಷ ಊರು ಬಿಟ್ಟದ್ದೇ ಇಲ್ಲಂತೆ. ನಿಮ್ಮವರು ಅಲ್ಲೇ ಕೂತಿದ್ದರು."

ಆಸ್ಪತ್ರೆಯಲ್ಲಿ ದವಡೆಯ ಕೆಳಗೆ ಹೊರಗಿನಿಂದ ಕೊಯ್ದು ಕೀವು ತೆಗೆದರು. ಮೂರು ವಾರ ಇಟ್ಟುಕೊಂಡರು, ಮೂರು ಹಲ್ಲುಗಳು ಹೋದವು. ಜೀವ ಉಳಿಯಿತು. ಆದರೆ ದವಡೆಯ ಕೀಲು ಹಿಡಿದುಕೊಂಡು ಬಿಟ್ಟಿತ್ತು. ಆಮೇಲೆ ಅವಳ ಬಾಯಿ ಒಂದು ಬೆರಳಿಗಿಂತ ಹೆಚ್ಚು ತೆರೆಯಲಿಲ್ಲ. ಮೀನನ್ನು ಮುಳ್ಳು ಬಿಡಿಸಿ ಗಂಜಿಯಲ್ಲಿ ಹಿಸುಕಿ ತಿನ್ನುತ್ತಿದ್ದಳು. ಮಂಡಳಿಯಲ್ಲಿ ಅವಳ ಜಾಗಕ್ಕೆ ಬೇರೊಬ್ಬಳು ಬಂದಳು.

ಬೊಂಬಾಯಿಯ ಮಾತನ್ನು ಅವಳು ಎತ್ತಲಿಲ್ಲ. ಇಂದು ಕೇಳುತ್ತಾಳೆ, ನಾಳೆ ಕೇಳುತ್ತಾಳೆ ಎಂದು ಕಾದು ಕಾದು ನಾನು ಕಾಯುವುದನ್ನೇ ಮರೆತೆ. ಮನೆಯಲ್ಲಿ ಗುನುಗುವುದನ್ನೂ ಬಿಟ್ಟಿದ್ದಳು. ದವಡೆಯ ನೋವಿನಿಂದ ಇರಬೇಕೆಂದುಕೊಂಡೆ. ಗುನುಗಲು ಬಾಯಿ ತೆರೆಯಬೇಕಾಗಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಶನಿವಾರಗಳಂದು ಪಾಪನಿವೇದನೆಗೆ ಹೋಗಿ ಸಿಟ್ಟು, ಸೋಮಾರಿತನ, ಆಫೀಸಿನ ಸಣ್ಣ ಸುಳ್ಳುಗಳನ್ನು ಹೇಳಿ ಬರುತ್ತಿದ್ದೆ.

ಹೀಗೇ ಹತ್ತು ವರ್ಷ. ಅರವತ್ತರ ದಶಕದಲ್ಲಿ ನಮ್ಮ ಇಗರ್ಜಿಗೆ ಹೊಸ ಪಾದ್ರಿಯೊಬ್ಬರು ಬಂದರು, ನನಗಿಂತ ಚಿಕ್ಕವರು. ಒಂದು ಶನಿವಾರ ಯಾಕೋ ಅವರ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆ.

"ಹೆಂಡತಿಗೆ ಹೇಳಿದ್ದೀರಾ?" ಜಾಲರಿಯ ಆಚೆಯಿಂದ ಕೇಳಿದರು.

"ಇಲ್ಲ ಫಾದರ್."

"ದೇವರ ಹೆಸರಿನಲ್ಲಿ ನಾನು ಕ್ಷಮೆ ಕೊಡ್ತೇನೆ. ನಿಮ್ಮ ಹೆಂಡತಿಯದ್ದು ಕೊಡ್ಲಿಕ್ಕೆ ನನ್ನ ಹತ್ತಿರ ಇಲ್ಲ."

ಮನೆಗೆ ಬಂದಾಗ ಅವಳು ಹಿತ್ತಲಿನ ಕಲ್ಲಿನ ಮೇಲೆ ಕುಳಿತು ಬಂಗುಡೆ ಕೊಯ್ಯುತ್ತಿದ್ದಳು. ನಾನು ನಿಂತುಕೊಂಡೇ ಹೇಳಿದೆ. ಔಷಧದಂಗಡಿಯ ಕೋಣೆ, ಮೆಟ್ಟಿಲು, ವಾಸನೆ, ಬೊಂಬಾಯಿ, ಕರೆಜ್ಮ. ಅವಳ ಕತ್ತಿ ನಿಂತಿತು.

"ಹೆದರಿಕೆಯಾ?" ಎಂದಳು.

"ಹೌದು."

"ಬೊಂಬಾಯಿ ಸುಳ್ಳು ಅಂತ ಗೊತ್ತಿತ್ತು. ಹೆದರಿಕೆ ಅಂತ ಗೊತ್ತಿರಲಿಲ್ಲ." ಕೈಯಲ್ಲಿದ್ದ ಮೀನನ್ನು ಪಾತ್ರೆಗೆ ಹಾಕಿದಳು. "ನಾನು ಗ್ರಹಿಸಿದ್ದು, ನಾನು ಎಲ್ಲರ ಎದುರು ಹಾಡುವುದು ನಿಮಗೆ ಇಷ್ಟ ಇಲ್ಲ, ಅದಕ್ಕೇ ಹೀಗೆ ಮಾಡಿದ್ದು ಅಂತ."

ನನಗೆ ಇಷ್ಟವಿತ್ತು ಎಂದೆ. ತುಂಬಾ ಇಷ್ಟವಿತ್ತು ಎಂದೆ. ಹತ್ತು ವರ್ಷ ಕಳೆದ ಮೇಲೆ ಆ ಮಾತು ನನ್ನ ಕಿವಿಗೇ ಇನ್ನೊಂದು ಸುಳ್ಳಿನ ಹಾಗೆ ಕೇಳಿಸಿತು.

"ಹೆದರಿಕೆ ಅಂತ ಒಂದು ಮಾತು ಹೇಳಿದ್ದರೆ, ಹಾಜಿಯವರ ಮನೆಯವರೊಟ್ಟಿಗೆ ಹೋಗಿ ಬರ್ತಿದ್ದೆ" ಎಂದಳು. "ಅಷ್ಟೇ ಅಲ್ವಾ ಇದ್ದದ್ದು?"

ಅವಳು ಉತ್ತರಕ್ಕೆ ಕಾಯಲಿಲ್ಲ. ಕೊಯ್ದ ಮೀನನ್ನು ಎರಡು ನೀರಿನಲ್ಲಿ ತೊಳೆದು, ಬೇಕಾದಷ್ಟು ಉಪ್ಪು ಸವರಿ ಒಳಗೆ ತೆಗೆದುಕೊಂಡು ಹೋದಳು. ಕ್ಷಮಿಸಿದ್ದೇನೆಂದು ಅವತ್ತು ಹೇಳಲಿಲ್ಲ, ಆಮೇಲೆ ಬದುಕಿದ್ದ ಅಷ್ಟೂ ವರ್ಷಗಳಲ್ಲಿ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.