ಕೊನೆಯ ಹೆಬ್ಬಾತು ಹತ್ತಿದ ಮೇಲೆ

ನನ್ನ ಅತ್ತಿಗೆ ಬಸ್ ಕಂಡಕ್ಟರ್. ಊರಿಗೆ ಅವರ ಮುಖಕ್ಕಿಂತ ಗಂಟಲೇ ಹೆಚ್ಚು ಪರಿಚಯ. ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಮುಂದಿನ ಸೀಟಿನಲ್ಲಿ ತೂಕಡಿಸುವವನೂ ತಡಬಡಿಸಿ ಚಿಲ್ಲರೆ ಹುಡುಕಬೇಕು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿ ಓದಿಸಿದ್ದು ಆ ಗಂಟಲೇ. ಈಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಭಾನುವಾರ ದುರ್ಬೀನು ಕೊರಳಿಗೆ ಹಾಕಿಕೊಂಡು ಹೊರಟರೆ ಸಾಕು, "ಹಕ್ಕಿ ನೋಡೋಕೆ ಅಷ್ಟು ದೂರ ಯಾಕೆ ಹೋಗ್ತೀಯೆ? ನಮ್ಮ ಡಿಪೋಗೆ ಬಾ, ಬೇಕಾದಷ್ಟು ಕಾಗೆ ತೋರಿಸ್ತೀನಿ" ಎಂದು ರೇಗಿಸುತ್ತಿದ್ದರು.

ಮಳೆಗಾಲದಲ್ಲಿ ಅತ್ತಿಗೆಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ಸರಿಹೋದವು, ಮಾತು ಮಾತ್ರ ಬರಲಿಲ್ಲ. ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಅದೇನು ಉತ್ತರವೋ ಕಾಣೆ. ನೋಡಲು ಬಂದವರೆಲ್ಲ ಕಿವುಡರೊಡನೆ ಮಾತಾಡುವಂತೆ ಅವರ ಮುಂದೆ ಕಿರುಚುತ್ತಿದ್ದರು. ಅತ್ತಿಗೆ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತುಬಿಟ್ಟರು. ನನಗೂ ತಾಳ್ಮೆ ಕೆಟ್ಟು, ಚಳಿಗಾಲದ ಒಂದು ಬೆಳಿಗ್ಗೆ ಸ್ವೆಟರ್ ತೊಡಿಸಿ ಪಕ್ಷಿಧಾಮಕ್ಕೆ ಎಳೆದುಕೊಂಡು ಹೋದೆ.

ಜೌಗಿನ ಅಂಚಿನಲ್ಲಿ ಹಲಗೆಯ ಗುಡಿಸಲು. ಅದರ ಕಿಂಡಿಯಿಂದ ಹಕ್ಕಿ ನೋಡಬೇಕು. ಬಾಗಿಲಲ್ಲಿ 'ಮಾತಾಡಬಾರದು' ಎಂಬ ಬೋರ್ಡು. ಅತ್ತಿಗೆ ಮೊದಲು ಬೋರ್ಡನ್ನು, ಆಮೇಲೆ ನನ್ನ ಬಾಯನ್ನು ತೋರಿಸಿ ನಕ್ಕರು. ಆ ನಗು ನೋಡಿ ಎಷ್ಟು ದಿನವಾಗಿತ್ತೋ. ಒಳಗೆ ಉದ್ದ ಲೆನ್ಸಿನ ಕ್ಯಾಮೆರಾದವರೊಬ್ಬರು ಉಸಿರು ಬಿಗಿಹಿಡಿದು ಕುಳಿತಿದ್ದರು.

ಎದುರಿನ ಮಣ್ಣಿನ ದಿಬ್ಬದ ಮೇಲೆ ಹೆಬ್ಬಾತುಗಳು ಒತ್ತೊತ್ತಾಗಿ ನಿಂತಿದ್ದವು. ಒಂದು ಮಾತ್ರ ಹಿಂದೆ ಬಿದ್ದು, ಅವಸರವೇ ಇಲ್ಲದೆ, ಅತ್ತೆ ಮನೆಗೆ ಬಂದ ಅಳಿಯನ ಹಾಗೆ ಬರುತ್ತಿತ್ತು. ಅತ್ತಿಗೆಯ ಕಣ್ಣು ಅದರ ಮೇಲೇ. ಮುಖದಲ್ಲಿ ಡ್ಯೂಟಿಯ ಸಿಡಿಮಿಡಿ. ಅಂತೂ ಇಂತೂ ಅದು ದಿಬ್ಬ ಹತ್ತಿತು. ಅತ್ತಿಗೆ ಹಲಗೆಗೆ ಎರಡೇಟು ಬಾರಿಸಿದರು.

"ರೈಟ್!"

ಬಸ್ ಬಿಡಲು ಡ್ರೈವರಿಗೆ ಹೇಳುತ್ತಿದ್ದ ಅದೇ ಮಾತು, ಅದೇ ಗಂಟಲು. ಹಿಂಡಿಗೆ ಹಿಂಡೇ ಎದ್ದು ಹಾರಿಹೋಯಿತು. ಅತ್ತಿಗೆ ತಮ್ಮ ಬಾಯಿಯನ್ನು ತಾವೇ ಮುಟ್ಟಿ ನೋಡಿಕೊಂಡರು.

"ಏನ್ರೀ ಇದು? ಬೆಳಗಿನಿಂದ ಕಾಯ್ತಿದ್ದೆ ನಾನು" ಎಂದರು ಕ್ಯಾಮೆರಾದವರು.

ಬೇರೆ ದಿನವಾಗಿದ್ದರೆ ನಾನೂ ಸುಮ್ಮನೆ ಬಿಡುತ್ತಿರಲಿಲ್ಲ. ಅವತ್ತು ಎರಡೂ ಕೈ ಮುಗಿದೆ. ಆ ಮನುಷ್ಯನಿಗೋ, ಹಾರಿಹೋದ ಹೆಬ್ಬಾತುಗಳಿಗೋ, ನನಗೇ ಗೊತ್ತಿಲ್ಲ. ಕಣ್ಣೀರು ನಿಲ್ಲುತ್ತಿರಲಿಲ್ಲ.

"ತಪ್ಪಾಯ್ತು ಸಾರ್. ಇವರ ಮಾತಿಗೆ ನಾವು ಮಳೆಗಾಲದಿಂದ ಕಾಯ್ತಿದ್ವಿ."